ಓದುಗರ ರೇಟಿಂಗ್

ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಪುಸ್ತಕದ ಹೆಸರಿನ ಕೆಳಗೆ ಕಾಣುವ ಐದು ನಕ್ಷತ್ರಗಳ ಸಾಲೇ ಓದುಗರ ರೇಟಿಂಗ್. ಓದಿದವರು ಒಂದರಿಂದ ಐದರವರೆಗೆ ಕೊಟ್ಟ ಅಂಕಗಳಿಂದ ತೆಗೆದ ಸರಾಸರಿ. ಇದನ್ನು ‘ಮೌಲ್ಯಮಾಪನ’ ಎಂದು ಕನ್ನಡಕ್ಕೆ ತರುವವರಿದ್ದಾರೆ. ನನಗೆ ಆ ಪದ ಒಪ್ಪಿಗೆಯಿಲ್ಲ; ‘ಮೆಚ್ಚುಗೆ’ ಎಂದರೆ ಸರಿಹೋಗುತ್ತದೆ. ಕಾದಂಬರಿ ಕೊಳ್ಳುವವರಿಗೆ ಮೆಚ್ಚುಗೆ ತಿಳಿದರೆ ಸಾಕು. ಇತಿಹಾಸಕ್ಕೆ, ಅದರಲ್ಲೂ ನಾಜಿ ಕಾಲದ ಜರ್ಮನಿಯ ಇತಿಹಾಸಕ್ಕೆ, ಅಷ್ಟು ಸಾಲದು.

1945ರ ಫೆಬ್ರುವರಿ 13ರ ರಾತ್ರಿ ಆರಂಭವಾದ ಬಾಂಬ್ ದಾಳಿಗೆ ಜರ್ಮನಿಯ ಡ್ರೆಸ್ಡೆನ್ ನಗರ ಉರಿದುಹೋಯಿತು. ಸತ್ತವರೆಷ್ಟು? ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್ 1963ರಲ್ಲಿ ಹೊರತಂದ ಪುಸ್ತಕ 1,35,000 ಎಂದಿತು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಮುಂದೆ ನಗರಾಡಳಿತ ನೇಮಿಸಿದ ಇತಿಹಾಸಕಾರರ ಆಯೋಗವು ಸ್ಮಶಾನದ ದಾಖಲೆಗಳನ್ನೂ ಮರಣ ನೋಂದಣಿಗಳನ್ನೂ ವರ್ಷಗಟ್ಟಲೆ ಜಾಲಾಡಿತು. ಹೆಚ್ಚೆಂದರೆ 25,000 ಎಂದು 2010ರಲ್ಲಿ ವರದಿ ಕೊಟ್ಟಿತು. ಮನೆಯಲ್ಲಿ ಕುಳಿತು ಓದುವವರಿಗೆ ಈ ಅಂತರ ಹೇಗೆ ಗೊತ್ತಾಗಬೇಕು? ಸುಟ್ಟ ಬೀದಿಗಳ ವರ್ಣನೆಗೆ ಕಣ್ಣು ತುಂಬಿ ಬರುತ್ತದೆ, ಬೆರಳು ಐದನೆಯ ನಕ್ಷತ್ರವನ್ನು ಒತ್ತುತ್ತದೆ. ಸಂಖ್ಯೆ ತಪ್ಪಾಗಿದ್ದರೂ ಆ ಕಣ್ಣೀರು ನಿಜವೇ.

ಇದೇ ಲೇಖಕ ಹೂಡಿದ್ದ ಮಾನನಷ್ಟ ಮೊಕದ್ದಮೆ 2000ದಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅವರು ಪುರಾವೆಗಳನ್ನು ಬೇಕೆಂದೇ ತಿರುಚಿದ್ದಾರೆ ಎಂದು ನ್ಯಾಯಾಧೀಶರು ತೀರ್ಪಿತ್ತರು. ಅದನ್ನು ತೋರಿಸಿಕೊಡಲು ಇತಿಹಾಸಕಾರ ರಿಚರ್ಡ್ ಇವಾನ್ಸ್ ಸಹಾಯಕರನ್ನು ಕಟ್ಟಿಕೊಂಡು ಇರ್ವಿಂಗ್ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಮೂಲ ಜರ್ಮನ್ ದಾಖಲೆಗಳೊಂದಿಗೆ ತಾಳೆ ನೋಡಬೇಕಾಯಿತು. ನಕ್ಷತ್ರ ಕೊಡುವವರಿಂದ ಅಷ್ಟು ಕೆಲಸ ನಿರೀಕ್ಷಿಸುವುದು ಅನ್ಯಾಯ.

ಸರಾಸರಿಯ ಲೆಕ್ಕವೂ ಎಷ್ಟೋ ಸಂಗತಿಗಳನ್ನು ನುಂಗಿಹಾಕುತ್ತದೆ. ಐವರಲ್ಲಿ ಮೂವರು 5, ಇಬ್ಬರು 1 ಕೊಟ್ಟರೆ 3.4. ಮೂವರು 3, ಇಬ್ಬರು 4 ಕೊಟ್ಟರೂ ಅದೇ 3.4. ಮೊದಲನೆಯದು ಜಗಳ ಹುಟ್ಟಿಸಿದ ಪುಸ್ತಕ, ಎರಡನೆಯದು ಸಾಧಾರಣ ಪುಸ್ತಕ. ಯುದ್ಧದ ಹೊಣೆ ಯಾರದು ಎಂಬಂಥ ವಿಷಯಕ್ಕೆ ಓದುಗರು ತಮ್ಮ ಪಕ್ಷವನ್ನು ಮೊದಲೇ ಹಿಡಿದು ಬಂದಿರುತ್ತಾರೆ. ಹಾಳೆ ಹರಿದಿತ್ತು, ಪಾರ್ಸೆಲ್ ತಡವಾಯಿತು ಎಂದು ಒಂದು ನಕ್ಷತ್ರ ಕೊಟ್ಟವರೂ ಇದೇ ಲೆಕ್ಕದಲ್ಲಿ ಸೇರುತ್ತಾರೆ.

ಹಾಗೆಂದು ನಾನು ಓದುಗರ ಮಾತನ್ನು ತಳ್ಳಿಹಾಕುವುದಿಲ್ಲ. ನಕ್ಷತ್ರಗಳನ್ನು ದಾಟಿ ಕೆಳಗೆ ಬಂದು, ಪುಟಸಂಖ್ಯೆ ಕೊಟ್ಟು ತಕರಾರು ಎತ್ತಿದವರನ್ನು ಹುಡುಕುತ್ತೇನೆ. ಅಂಥ ಒಬ್ಬರು ಸಿಕ್ಕರೆ, ಆ ಪುಟದ ಅಡಿಟಿಪ್ಪಣಿಯಿಂದಲೇ ನನ್ನ ಓದು ಶುರುವಾಗುತ್ತದೆ.