ಬಚ್ಚಂಗಾಯಿಯ ಗೆರೆ, ಹಡಗಿನ ಹಲಗೆ

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಕದ್ರಿ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಹಡಗಿನಲ್ಲಿ ಇಂಜಿನಿಯರ್ ಆಗಿರುವ ಮಗ ರಜೆಗೆ ಬರುವಾಗ ತಂದುಕೊಟ್ಟ ಮಾದರಿ ಹಡಗಿನ ಕಿಟ್ ಅದು. ಅರ್ಧದಷ್ಟು ಹಲಗೆ ಹೊದಿಸಿ ಆಗಿತ್ತು. ಮೂತಿಯ ಹತ್ತಿರ ಮಾತ್ರ ಪಟ್ಟಿಗಳು ಒಂದರ ಮೇಲೊಂದು ಏರಿ, ಅಂಚು ಎದ್ದು ನಿಂತಿದ್ದವು. "ಬರೆದ ಹಾಗೇ ಅಂಟಿಸಿದ್ದೇನೆ ಮಾರಾಯ್ರೆ, ಎಲ್ಲಿ ತಪ್ಪಿತು?" ಅಂದರು.

ಅಂಟಿಸಿದ್ದರಲ್ಲಿ ತಪ್ಪಿರಲಿಲ್ಲ. ಅಂಟು ಮುಟ್ಟುವ ಮೊದಲು ಆಗಬೇಕಿದ್ದ ಎರಡು ಕೆಲಸ ಬಿಟ್ಟುಹೋಗಿತ್ತು. ಹೊಸಬರು ಕೈಬಿಡುವ ಮಾದರಿಗಳಲ್ಲಿ ನಾನು ನೋಡಿದ್ದು ಹೆಚ್ಚಾಗಿ ಇದನ್ನೇ.

ಕಿಟ್ಟಿನೊಳಗೆ ಮೊದಲು ಸಿಗುವುದು ಪ್ಲೈವುಡ್ಡಿನ ಕೀಲ್, ಅಂದರೆ ಹಡಗಿನ ಬೆನ್ನುಮೂಳೆ. ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು. ಎಲ್ಲ ಜೋಡಿಸಿದರೆ ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಬಂಗುಡೆಯ ಮುಳ್ಳಿನ ಹಾಗೆ ಕಾಣುತ್ತದೆ. ಇದರ ಮೇಲೆ ಸುಮಾರು 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಮರದ ಪಟ್ಟಿಗಳು ಕೂರಬೇಕು. ಆದರೆ ಲೇಸರ್‌ನಲ್ಲಿ ಕತ್ತರಿಸಿದ ಪಕ್ಕೆಲುಬಿನ ಅಂಚು ಚೌಕಾಗಿರುತ್ತದೆ, ಹಡಗಿನ ಮೈಯೋ ಮೂತಿಯ ಕಡೆಗೆ ಸಪೂರವಾಗುತ್ತ ಹೋಗುತ್ತದೆ. ಹಾಗಾಗಿ ಮುಂಭಾಗದ ಪಕ್ಕೆಲುಬುಗಳ ಮುಂದಿನ ಅಂಚನ್ನೂ ಹಿಂಭಾಗದವುಗಳ ಹಿಂದಿನ ಅಂಚನ್ನೂ ಉಜ್ಜಿ ಇಳಿಸಬೇಕು. ಬೆರಳಿನಲ್ಲಿ ಉಪ್ಪು ಕಾಗದ ಹಿಡಿದು ಉಜ್ಜಬೇಡಿ, ಹೊಂಡ ಬೀಳುತ್ತದೆ. ಒಂದು ತೆಳು ರೀಪಿಗೆ ಕಾಗದ ಅಂಟಿಸಿ, ಒಮ್ಮೆಗೆ ಮೂರು ಪಕ್ಕೆಲುಬು ತಾಗುವ ಹಾಗೆ ಉದ್ದಕ್ಕೆ ಎಳೆಯಿರಿ. ಲೇಸರ್ ಸುಟ್ಟ ಕಪ್ಪು ಇಲ್ಲಿ ಉಪಕಾರಕ್ಕೆ ಬರುತ್ತದೆ: ಇಳಿಸಿದ ಕಡೆ ಬಿಳಿ ಮರ ಕಾಣಬೇಕು, ಆಚೆ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿಯಬೇಕು. ಆ ಗೆರೆಯೂ ಹೋಯಿತೆಂದರೆ ಹಡಗಿನ ಆಕಾರವನ್ನೇ ತಿಂದಿರಿ ಎಂದರ್ಥ. ಆಮೇಲೆ ಒಂದು ಪಟ್ಟಿಯನ್ನು ಸುಮ್ಮನೆ ಮೇಲಿಟ್ಟು ದೀಪಕ್ಕೆ ಹಿಡಿಯಿರಿ. ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಕೆಲಸ ಬಾಕಿ. ನನಗೆ ಈಗಲೂ ಇದಕ್ಕೆ ಎರಡು ಮೂರು ಸಂಜೆ ಬೇಕು.

ಎರಡನೆಯದು ಪಟ್ಟಿಯ ಅಗಲ. ಬಚ್ಚಂಗಾಯಿಯ, ಅಂದರೆ ಕಲ್ಲಂಗಡಿಯ ಗೆರೆಗಳನ್ನು ನೋಡಿ. ಹೊಟ್ಟೆಯ ಮೇಲೆ ಅಗಲ, ತೊಟ್ಟಿನ ಹತ್ತಿರ ಸಪೂರ. ಹಲಗೆಯೂ ಹೀಗೇ ಹರಿಯಬೇಕು. ನೋಟ್‌ಬುಕ್ಕಿನ ಹಾಳೆಯಿಂದ ಸಣ್ಣ ಪಟ್ಟಿ ಹರಿದು, ನಡುವಿನ ಪಕ್ಕೆಲುಬಿನ ಮೇಲೆ ಮೇಲಿಂದ ಕೀಲ್‌ವರೆಗೆ ಹಾಸಿ ಅಳೆಯಿರಿ. 60 ಮಿ.ಮೀ. ಬಂತು ಅನ್ನಿ. 5 ಮಿ.ಮೀ. ಅಗಲದ 12 ಹಲಗೆ ಬೇಕು. ಮೂತಿಯಲ್ಲಿ ಅದೇ ಅಳತೆ 36 ಬಂದರೆ ಅಲ್ಲಿ ಒಂದೊಂದಕ್ಕೆ ಸಿಗುವ ಜಾಗ 3 ಮಿ.ಮೀ. ಮಾತ್ರ. ಕೆತ್ತದೆ ಹಾಗೇ ಕೂರಿಸಿದರೆ ಅವು ಒಂದರ ಮೇಲೊಂದು ಏರದೆ ಮತ್ತೇನು ಮಾಡಿಯಾವು? ಅರ್ಧಕ್ಕಿಂತ ಸಪೂರ ಮಾಡಬೇಕಾಗಿ ಬಂದರೆ ಅಲ್ಲಿ ಎರಡು ಹಲಗೆ ನಿಲ್ಲಿಸಿ ಒಂದನ್ನೇ ಮುಂದುವರಿಸುವ ಪದ್ಧತಿ ಇದೆ.

ಬಲಕ್ಕೊಂದು ಹಾಕಿದರೆ ಎಡಕ್ಕೊಂದು ಹಾಕಲೇಬೇಕು. ಒಂದೇ ಬದಿ ಮುಗಿಸಿದರೆ ಕೀಲ್ ಬಾಗುತ್ತದೆ, ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡುವುದು ಕಷ್ಟ.

ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸುವುದು ಎಲ್ಲರಿಗೂ ಗೊತ್ತು. ನಮ್ಮ ಊರಿನ ಮಳೆಗಾಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಮರ ತೇವಕ್ಕೆ ಉದ್ದದಲ್ಲಿ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿ ಮಾತ್ರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಮ್ಮೆ ಜುಲೈಯಲ್ಲಿ, ಕೊಡುವ ದಿನ ಹತ್ತಿರ ಬಂತೆಂದು ನೆನೆಸಿದ ಪಟ್ಟಿಗಳನ್ನು ಸರಿಯಾಗಿ ಒಣಗಿಸದೆ ಅಂಟಿಸಿಬಿಟ್ಟೆ. ಮಾದರಿ ಹೋಗಿ ಕೂತದ್ದು ಎಸಿ ಇರುವ ಆಫೀಸಿನಲ್ಲಿ. ಎರಡು ತಿಂಗಳಲ್ಲಿ ಹಲಗೆಗಳ ನಡುವೆ ಉಗುರು ಹೋಗುವಷ್ಟು ಸಂದು ಬಿಟ್ಟಿತು, ಹತ್ತಿದಾರದ ಹಗ್ಗಗಳೂ ಜೋತುಬಿದ್ದವು. ವಾಪಸ್ ತಂದು ಮತ್ತೆ ಮಾಡಿಕೊಟ್ಟೆ. ಈಗ ಪಟ್ಟಿಯನ್ನು ಆಕಾರಕ್ಕೆ ಬಿಗಿದು ಕ್ಲಿಪ್ ಹಾಕಿ ಒಂದು ರಾತ್ರಿ ಇಟ್ಟು, ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ.

"ನಮ್ಮದೇ ಸಾಗುವಾನಿ ಹಾಕಿದರೆ ಆಗದಾ?" ಎಂದು ತುಂಬ ಜನ ಕೇಳುತ್ತಾರೆ. ನಿಜವಾದ ಹಡಗಿಗೆ ಅದರಂಥ ಮರ ಇಲ್ಲ. 1817ರಲ್ಲಿ ಮುಂಬೈಯಲ್ಲಿ ಸಾಗುವಾನಿಯಲ್ಲೇ ಕಟ್ಟಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆದರೆ ಮಾದರಿಗೆ ಅದು ಒರಟು. 1:48 ಅಳತೆಯಲ್ಲಿ, ಅಂದರೆ ನಿಜವಾದ ಹಡಗಿನ 48ರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ಕಾಲು ಮಿಲಿಮೀಟರಿನ ಸಣ್ಣ ರಂಧ್ರವೂ 12 ಮಿ.ಮೀ. ತೂತಿನ ಹಾಗೆ ಕಾಣುತ್ತದೆ. ಕಿಟ್ಟಿನಲ್ಲಿ ಬರುವ ಬಾಸ್‌ವುಡ್, ಲೈಮ್‌ವುಡ್‌ಗಳ ನವಿರು ಎಳೆ ಇದಕ್ಕೇ ಬೇಕು.

ಮೊದಲ ಕಿಟ್ ಯಾವುದು? ವಿಕ್ಟರಿ ಬೇಡ. 1765ರಲ್ಲಿ ನೀರಿಗಿಳಿದ ಆ ನೂರು ತೋಪಿನ ಹಡಗಿನ ಚಿತ್ರ ಪೆಟ್ಟಿಗೆಯ ಮೇಲೆ ಎಷ್ಟು ಚಂದ ಇದ್ದರೂ ಅದು ವರ್ಷಗಟ್ಟಲೆ ಕೆಲಸ. ಡೋರಿ ತೆಗೆದುಕೊಳ್ಳಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಕಾಡ್ ಮೀನು ಹಿಡಿಯಲು ಹೋಗುತ್ತಿದ್ದ ಸ್ಕೂನರ್ ಎಂಬ ಹಾಯಿಹಡಗುಗಳು ಡೆಕ್ಕಿನ ಮೇಲೆ ಒಂದರೊಳಗೊಂದು ಪೇರಿಸಿ ಒಯ್ಯುತ್ತಿದ್ದ, ಚಪ್ಪಟೆ ತಳದ ದೋಣಿ ಅದು. ಬೆಂಗ್ರೆಯಲ್ಲಿ ನಾಡದೋಣಿ ನೋಡಿ ಬೆಳೆದ ಕಣ್ಣಿಗೆ ಪರಕೀಯ ಅನಿಸುವುದಿಲ್ಲ. ಹಲಗೆ ಕೆಲವೇ, ಹಾಯಿ ಕಟ್ಟುವ ಕೂವೆಮರ-ಹಗ್ಗದ ಗೋಜಲು ಇಲ್ಲವೆಂದೇ ಹೇಳಬಹುದು. ಒಳಗೂ ಹೊರಗೂ ತೆರೆದೇ ಇರುವುದರಿಂದ ತಪ್ಪು ಅಲ್ಲೇ ಕಾಣುತ್ತದೆ, ಅಲ್ಲೇ ತಿದ್ದಬಹುದು.

ಉಪಕರಣಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ. ಹರಿತ ಬ್ಲೇಡ್, ಸ್ಟೀಲ್ ಸ್ಕೇಲ್, ಬಟ್ಟೆ ಕ್ಲಿಪ್ಪು, ಗುಂಡುಸೂಜಿ, ಫೆವಿಕೋಲ್ ಸಾಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ತಕ್ಷಣ ಒರೆಸಿ, ಒಣಗಿದರೆ ಆ ಜಾಗ ಪಾಲಿಶ್ ಹಿಡಿಯುವುದಿಲ್ಲ.

ಮ್ಯಾನೇಜರ ಹಡಗಿಗೂ ಪುಣ್ಯಕ್ಕೆ ಬಿಳಿ ಅಂಟನ್ನೇ ಹಾಕಿದ್ದರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ಇಟ್ಟು, ಕಿಟಕಿ ತೆರೆದು, ಸ್ವಲ್ಪ ಹೊತ್ತು ಕಾದೆವು. ಅಂಟು ಮೆತ್ತಗಾಗಿ ಪಟ್ಟಿಗಳು ಒಂದೊಂದಾಗಿ ಬಿಟ್ಟುಕೊಂಡವು. ಹನ್ನೊಂದರಲ್ಲಿ ಮೂರು ಮುರಿದವು, ಎಂಟು ಉಳಿದವು. ಅವರು ಅಲ್ಲೇ ಕೂತು ಮೊದಲ ಪಕ್ಕೆಲುಬು ಉಜ್ಜತೊಡಗಿದರು. ಈಗ ಶನಿವಾರ ಶನಿವಾರ ಬರುತ್ತಾರೆ. ಏಳನೇ ಜೋಡಿ ಹಲಗೆ ಮುಗಿದಿದೆ. ಹೋದ ವಾರ ಮೂತಿಯ ಮೇಲೆ ಬೆರಳಾಡಿಸಿದೆ, ಎಲ್ಲೂ ತಡೆಯಲಿಲ್ಲ.