ಮೂರು ಚೀಟಿ, ಮೂರೂ ಹಸಿರು

ನಮ್ಮ ಗ್ಯಾರೇಜಿಗೆ ಹಳೇ ಕಾರು ತಂದವರು ಕೀ ಕೈಗೆ ಕೊಡುವ ಮೊದಲೇ ಹೇಳುತ್ತಾರೆ: "ಸ್ಟೀರಿಂಗ್ ಎಳೀತಿದೆ, ಒಂದು ಅಲೈನ್‌ಮೆಂಟ್ ಮಾಡ್ಬಿಡಿ." ಅಂದರೆ ಚಕ್ರಗಳ ಕೋನ ಸರಿ ಹೊಂದಿಸಿಕೊಡಿ ಅಂತ. ರೋಗ ಏನು ಅಂತ ನೋಡುವ ಮುಂಚೆಯೇ ಔಷಧಿ ಬರೆದುಕೊಂಡು ಬಂದಿರುತ್ತಾರೆ. ಸ್ವಲ್ಪ ತಡೀರಿ ಅಂದರೆ, ಇವನಿಗೆ ಕೆಲಸ ಬರಲ್ಲ ಅನ್ನುವ ಹಾಗೆ ಮುಖ ನೋಡುತ್ತಾರೆ.

ಮೊದಲು, 'ಎಳೀತಿದೆ' ಅಂದರೆ ಏನು? ಒಬ್ಬರಿಗೆ, ಹಿಡಿತ ಸಡಿಲಿಸಿದರೆ ಕಾರು ಒಂದು ಪಕ್ಕಕ್ಕೆ ವಾಲುವುದು. ಇನ್ನೊಬ್ಬರ ಕಾರು ನೇರವಾಗೇ ಹೋಗುತ್ತೆ, ಸ್ಟೀರಿಂಗ್ ಚಕ್ರ ಮಾತ್ರ ಸೊಟ್ಟಗೆ ಕೂತಿರುತ್ತೆ. ಮತ್ತೊಬ್ಬರಿಗೆ 90 ಕಿ.ಮೀ. ವೇಗದಲ್ಲಿ ಕೈಗೆ ಬರುವ ನಡುಕ. ಅದು ಬಹುತೇಕ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲದಿರುವ ವಿಷಯ. ತಿರುಗಿಸುವಾಗ ಒಮ್ಮೆ ಬಿಗಿ, ಒಮ್ಮೆ ಸಡಿಲ ಅನ್ನಿಸಿದರೆ ನಾನು ಸ್ಟೀರಿಂಗ್ ಕಂಬದ ಕೆಳಗಿನ ಜಾಯಿಂಟ್ ನೋಡುತ್ತೇನೆ. ಇಷ್ಟಕ್ಕೂ ಜನ ಬಳಸುವುದು ಒಂದೇ ಪದ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಚಕ್ರ ಎಷ್ಟು ಒಳಕ್ಕೆ ತಿರುಗಿದೆ, ಎಷ್ಟು ವಾಲಿದೆ ಅಂತ ಹೇಳುತ್ತೆ, ಅಷ್ಟೇ. ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ ಅದೇ ಚಕ್ರ ಎಲ್ಲಿರುತ್ತೆ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ (ಲೋಯರ್ ಆರ್ಮ್) ರಬ್ಬರ್ ಬುಷ್, ಆ ತೋಳನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟ್, ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಬಿಗಿಯಾಗಿದ್ದರೆ ಮಾತ್ರ ಆ ಅಳತೆ ರಸ್ತೆಯಲ್ಲೂ ಉಳಿಯುತ್ತೆ. ಸವೆದಿದ್ದರೆ? ಕುಣಿಯುವ ಮಗುವನ್ನು ಒಂದು ಕ್ಷಣ ಗೋಡೆಗೆ ಒರಗಿಸಿ ಎತ್ತರ ಗುರುತು ಹಾಕಿದ ಹಾಗೆ. ಅಳತೆ ಸುಳ್ಳಲ್ಲ. ಆದರೆ ಮಗು ಅಲ್ಲೇ ನಿಲ್ಲುವುದಿಲ್ಲ ಅಲ್ವಾ?

ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಹದಿನೈದು ವರ್ಷದ ಕಾರು, ಒಳಗೆ ಒಂದು ಕಡ್ಡಿ ಕಸವಿಲ್ಲ. ಪ್ಲಾಸ್ಟಿಕ್ ಫೈಲ್‌ನಲ್ಲಿ ಮೂರು ಅಲೈನ್‌ಮೆಂಟ್ ಚೀಟಿ, ತಾರೀಕಿನ ಪ್ರಕಾರ ಜೋಡಿಸಿದ್ದು. ಮೂರರಲ್ಲೂ ಎಲ್ಲ ಸಂಖ್ಯೆಯೂ ಹಸಿರು. "ನೋಡಿ, ಎಲ್ಲ ಪಾಸ್. ಆದರೂ ಎಳೀತದೆ" ಅಂದರು, ಉತ್ತರಪತ್ರಿಕೆ ತೋರಿಸುವ ಹಾಗೆ. ಪಕ್ಕದಲ್ಲಿ ಕೂತು ಒಂದು ಸುತ್ತು ಹೋದೆ. ಬ್ರೇಕ್ ಹಾಕಿದರೆ ಎಡಕ್ಕೆ, ಮತ್ತೆ ಆಕ್ಸಿಲರೇಟರ್ ಒತ್ತಿದರೆ ಬಲಕ್ಕೆ. ಹೀಗೆ ದಿಕ್ಕು ಬದಲಿಸುವ ಕಾರು ಬುಷ್ ಹೋಗಿದೆ ಅಂತ ತಾನೇ ಹೇಳುತ್ತಿರುತ್ತೆ. ಲಿಫ್ಟ್ ಮೇಲೆ ಏರಿಸಿ ಎಡಗಡೆ ಆರ್ಮ್‌ನ ಹಿಂದಿನ ಬುಷ್‌ಗೆ ಸರಳು ಕೊಟ್ಟು ಮೀಟಿದೆ. ರಬ್ಬರ್ ಸುತ್ತಲೂ ಹರಿದಿತ್ತು. ನಡುವಿನ ಕಬ್ಬಿಣದ ಕೊಳವೆ ಬಾವಿಯಲ್ಲಿ ಬಿಂದಿಗೆ ಆಡಿದ ಹಾಗೆ ಆಡುತ್ತಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದು ಚೀಟಿಯಲ್ಲಿ ಯಾಕೆ ಬರಲಿಲ್ಲ?" ಅಂದರು. ಕಾರು ನಿಂತಿದ್ದಾಗ ಅದು ತನ್ನ ಜಾಗದಲ್ಲೇ ಇತ್ತು ಸರ್, ಅಂದೆ.

ಬುಷ್ ಹಾಕುವವರಿಗೂ ಒಂದು ಮಾತು ಇದೆ, ಗ್ರಾಹಕರೂ ಕೇಳಿಸಿಕೊಳ್ಳಲಿ. ಚಕ್ರ ನೇತಾಡುವಾಗಲೇ ಆರ್ಮ್‌ನ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ, ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಳ್ಳುತ್ತೆ. ಹೊಸದೂ ಬೇಗ ಹರಿಯುತ್ತೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಅಲೈನ್‌ಮೆಂಟ್ ಅದೆಲ್ಲ ಮುಗಿದ ಮೇಲೆ. ಮೇಷ್ಟ್ರಿಗೂ ಮಾಡಿಸಿಕೊಟ್ಟೆ, ನಾಲ್ಕನೇ ಚೀಟಿ ಫೈಲ್ ಸೇರಿತು.

ಎಲ್ಲದಕ್ಕೂ ಬುಷ್ಷೇ ಕಾರಣ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೊರಟರೆ ಅದೂ ಇನ್ನೊಂದು ಹುಚ್ಚು. ರಸ್ತೆಯ ನಡು ಉಬ್ಬಿರುವುದರಿಂದ ಕಾರು ಅಂಚಿನ ಕಡೆ ಸ್ವಲ್ಪ ಜಾರುವುದು ಸಹಜ. ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಎರಡು ಪಕ್ಕಕ್ಕೂ ವ್ಯತ್ಯಾಸ ಇದ್ದರೆ, ಕಡಿಮೆ ಇರುವ ಕಡೆಗೆ ಎಳೆಯುತ್ತೆ. ಮುಂದಿನ ಎರಡು ಟೈರ್ ಅದಲು ಬದಲು ಮಾಡಿದಾಗ ಎಳೆತವೂ ದಿಕ್ಕು ಬದಲಿಸಿದರೆ, ತಪ್ಪು ಟೈರಿನದು. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇರುವ ಟೈರ್ ಆದರೆ ಈ ಪರೀಕ್ಷೆಯನ್ನು ಗ್ಯಾರೇಜಿಗೇ ಬಿಡಿ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಲ್ಲಿಸಿದ ಮೇಲೂ ಒಂದೇ ಚಕ್ರ ಕಾದಿದ್ದರೆ, ಬಹುತೇಕ ಅದರ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಕೈ ಹತ್ತಿರ ಹಿಡಿದರೆ ಸಾಕು, ಮುಟ್ಟಿ ಸುಟ್ಟುಕೊಳ್ಳಬೇಡಿ. ಹಳೇ ಕಾರಲ್ಲಿ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಕೊಳವೆ, ಅಂದರೆ ಬ್ರೇಕ್ ಹೋಸ್, ಒಳಗಡೆಯೇ ಊದಿಕೊಂಡು ಆಯಿಲ್ ವಾಪಸ್ ಬಿಡದೇ ಇರುವುದುಂಟು. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗೇ ಕಾಣುತ್ತೆ.

ಓದಿ ರೋಗ ಹಿಡಿಯಲು ಆಗುವುದಿಲ್ಲ, ಕಾರು ನೋಡಲೇಬೇಕು. ಬರುವಾಗ ಎಳೆತ ಯಾವಾಗ ಅಂತ ಬರೆದು ತನ್ನಿ: ಬ್ರೇಕ್ ಒತ್ತಿದಾಗಲಾ, ವೇಗ ಹೆಚ್ಚಿಸುವಾಗಲಾ, ಸುಮ್ನೆ ಹೋಗುವಾಗಲೂನಾ. ಆದರೆ ತಿರುವಿನಲ್ಲಿ ಟಕ್ ಟಕ್ ಸದ್ದಿನ ಜೊತೆ ಕಾರು ಅಲೆದಾಡಲು ಶುರುವಾದರೆ ಬರೆಯುತ್ತಾ ಕೂರಬೇಡಿ, ಓಡಿಸಿಕೊಂಡೂ ಬರಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಗುಚಿಕೊಳ್ಳುತ್ತೆ. ಫೋನ್ ಮಾಡಿ, ಎಳೆದು ತರಲು ಗಾಡಿ ಕಳಿಸುತ್ತೇವೆ.