ಕುದುರೆ ಬಾರದೆ ಖಾಲಿ ನಿಂತ ಪೀಠ

ನ್ಯೂಯಾರ್ಕಿನ ಆರನೇ ಅವೆನ್ಯೂ ಸೆಂಟ್ರಲ್ ಪಾರ್ಕಿಗೆ ಬಂದು ಮುಟ್ಟುವಲ್ಲಿ ಕಂಚಿನ ಮೂವರು ಕುದುರೆ ಸವಾರರಿದ್ದಾರೆ. ಅಕ್ಕಪಕ್ಕದಲ್ಲಿ ದಕ್ಷಿಣ ಅಮೆರಿಕದ ವಿಮೋಚಕರು: ಸಿಮೋನ್ ಬೊಲಿವಾರ್, ಸಾನ್ ಮಾರ್ಟಿನ್. ಇಬ್ಬರೂ ಸೇನಾನಿಗಳು, ಠೀವಿಯಿಂದ ಕೂತವರು. ನಡುವಿನವನು ಮಾತ್ರ ಬೀಳುತ್ತಿದ್ದಾನೆ. ಸಾದಾ ಕೋಟು ತೊಟ್ಟಿದ್ದಾನೆ, ಕುದುರೆ ಬೆದರಿ ಮುಂಗಾಲೆತ್ತಿದೆ, ಕೈ ಎದೆಯ ಗಾಯವನ್ನು ಒತ್ತಿ ಹಿಡಿದಿದೆ. ಅವನು ಸ್ಪೇನಿನ ಆಳ್ವಿಕೆಯಿಂದ ಕ್ಯೂಬಾದ ಬಿಡುಗಡೆಗೆ ಹೋರಾಡಿದ ಕವಿ ಹೊಸೆ ಮಾರ್ತಿ. 1895ರ ಮೇ 19ರಂದು ಸ್ಪೇನಿನ ಸೇನೆಯ ಗುಂಡಿಗೆ ಬಲಿಯಾದ ಗಳಿಗೆ ಅದು.

ಈ ಮೂವರು ಇಲ್ಲಿ ಸೇರಿದ್ದು ಆಕಸ್ಮಿಕವಲ್ಲ. ದಕ್ಷಿಣದ ದೇಶಗಳೊಡನೆ ನಂಟು ಬೆಳೆಸುವ ಉಮೇದಿನಲ್ಲಿ 1945ರಲ್ಲಿ ಮೇಯರ್ ಲಾ ಗ್ವಾರ್ಡಿಯಾ ಈ ರಸ್ತೆಗೆ 'ಅವೆನ್ಯೂ ಆಫ್ ದಿ ಅಮೆರಿಕಾಸ್' ಎಂದು ಹೆಸರಿಡಿಸಿದರು. (ಊರಿನವರ ಬಾಯಲ್ಲಿ ಅದಿನ್ನೂ ಆರನೇ ಅವೆನ್ಯೂನೇ.) ಪಾರ್ಕಿನ ಬೇರೆ ಮೂಲೆಯಲ್ಲಿದ್ದ ಬೊಲಿವಾರ್ 1951ರಲ್ಲಿ ಇಲ್ಲಿಗೆ ಬಂದ. ಅದೇ ವರ್ಷ ಬ್ಯೂನಸ್ ಐರಿಸ್ ನಗರ ಸಾನ್ ಮಾರ್ಟಿನ್‌ನ ಪ್ರತಿಮೆ ಕೊಟ್ಟಿತು. ಬದಲಿಗೆ ಅತ್ತ ಜಾರ್ಜ್ ವಾಷಿಂಗ್ಟನ್‌ನ ಪ್ರತಿಮೆ ಹೋಯಿತು.

ಮಾರ್ತಿಯದು ಅಷ್ಟು ಸಲೀಸಾಗಲಿಲ್ಲ. ಶಿಲ್ಪಿ ಆನಾ ಹಯಟ್ ಹಂಟಿಂಗ್ಟನ್ ಎಂಬತ್ತು ದಾಟಿದ ಮೇಲೆ ಅದನ್ನು ಮಾಡಿ, ನ್ಯೂಯಾರ್ಕಿನ ಜನರಿಗೆ ತಲುಪಲೆಂದು ಕ್ಯೂಬಾ ಸರ್ಕಾರಕ್ಕೆ ಉಡುಗೊರೆಯಾಗಿ ಕೊಟ್ಟರು. ಅಷ್ಟರಲ್ಲಿ ಕ್ಯಾಸ್ಟ್ರೊ ಕ್ರಾಂತಿ ನಡೆದು, 1961ರ ಜನವರಿಯಲ್ಲಿ ಕ್ಯೂಬಾ-ಅಮೆರಿಕಗಳ ರಾಜತಾಂತ್ರಿಕ ಸಂಬಂಧವೇ ಕಡಿದುಬಿತ್ತು. ಕ್ಯಾಸ್ಟ್ರೊಗೂ ಮಾರ್ತಿ ಬೇಕು, ಕ್ಯಾಸ್ಟ್ರೊನನ್ನು ದ್ವೇಷಿಸಿ ಓಡಿಬಂದವರಿಗೂ ಮಾರ್ತಿಯೇ ಬೇಕು. ಅನಾವರಣದ ದಿನ ಹೊಡೆದಾಟವಾದರೆ? ಪ್ರತಿಮೆ ಗೋದಾಮಿನಲ್ಲೇ ಉಳಿಯಿತು, ಕಲ್ಲಿನ ಪೀಠ ವರ್ಷಗಟ್ಟಲೆ ಬೋಳಾಗಿ ನಿಂತಿತು. 1964ರಲ್ಲಿ ರೋಸಿಹೋದ ವಲಸಿಗರು ಪ್ಲಾಸ್ಟರಿನ ಚಿಕ್ಕ ಮಾರ್ತಿಯನ್ನು ತಂದು ಪೀಠದ ಮೇಲೆ ಕೂರಿಸಲು ನೋಡಿದರು. ಕಂಚಿನ ಪ್ರತಿಮೆ ಏರಿದ್ದು 1965ರ ಮೇನಲ್ಲಿ. ನನಗಂತೂ ಆ ಬೋಳು ಪೀಠವೇ ಹೆಚ್ಚು ಪ್ರಾಮಾಣಿಕ ಸ್ಮಾರಕವಾಗಿತ್ತು ಅನ್ನಿಸುತ್ತದೆ.

ಯಾಕೆಂದರೆ ಮಾರ್ತಿಯ ನಿಲುವೂ ಇಬ್ಬಗೆಯದೇ. ಸುಮಾರು ಹದಿನೈದು ವರ್ಷ ನ್ಯೂಯಾರ್ಕಿನಲ್ಲಿದ್ದು, ಆ ದೇಶದ ಚೈತನ್ಯವನ್ನು ಮೆಚ್ಚಿ ಬರೆದವನು ಅವನು. ಸಾಯುವ ಹಿಂದಿನ ದಿನ ಗೆಳೆಯನಿಗೆ ಬರೆದ ಕಾಗದದಲ್ಲಿ ಅದೇ ದೇಶವನ್ನು ರಾಕ್ಷಸನೆಂದು ಕರೆದು, ಅದರ ಹೊಟ್ಟೆಯೊಳಗೇ ಇದ್ದು ಬಂದಿದ್ದೇನೆ ಎಂದ.

ಒಬಾಮ ಕಾಲದಲ್ಲಿ ಸಂಬಂಧ ಚಿಗುರಿದಾಗ ನ್ಯೂಯಾರ್ಕಿನ ಬ್ರಾಂಕ್ಸ್ ಮ್ಯೂಸಿಯಂ ಇದೇ ಶಿಲ್ಪದ ಪ್ರತಿಯೊಂದನ್ನು ಹವಾನಾಕ್ಕೆ ಕೊಡಲು ದೇಣಿಗೆ ಎತ್ತಿತು. 2017ರ ಅಕ್ಟೋಬರಿನಲ್ಲಿ ಅದನ್ನು ಅಲ್ಲಿ ನಿಲ್ಲಿಸುವ ಹೊತ್ತಿಗೆ, ಅಮೆರಿಕ ಹವಾನಾದ ತನ್ನ ರಾಯಭಾರ ಕಚೇರಿಯಿಂದ ಅರ್ಧಕ್ಕೂ ಹೆಚ್ಚು ಸಿಬ್ಬಂದಿಯನ್ನು ವಾಪಸು ಕರೆಸಿಕೊಳ್ಳುತ್ತಿತ್ತು.